ಕರಡಿ ಬೋರಣ್ಣ ಮತ್ತು ಕೊನೆಯ ಹತ್ತು ನಿಮಿಷ

ಓದುವ ಹಿರಿಯರಲ್ಲಿ ಮೊದಲೇ ಒಂದು ಅರಿಕೆ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ನನ್ನ ಅಕ್ಷರ ಅಂಕುಡೊಂಕು, ನನ್ನಲ್ಲಿರುವ ಮಾತುಗಳೂ ಕೆಲವೇ. ಕಥೆಯೆಂದು ಬರೆಯುತ್ತಿರುವುದು ಇದೇ ಮೊದಲು. ಆದರೂ ಒಂದು ಊರಿನ ಸಂಗತಿಯನ್ನು ತಿಳಿದ ಮಟ್ಟಿಗೆ ಹೇಳುತ್ತೇನೆ.

ಹೊಳೆಯ ಈಚೆ ದಡದಲ್ಲಿ ಪ್ರಾಣಿಗಳದೇ ಒಂದು ಊರಿತ್ತು. ಆ ಊರಿಗೊಂದು ಫುಟ್‌ಬಾಲ್ ತಂಡವಿತ್ತು. ತಂಡ ಕೆಟ್ಟದ್ದೇನಲ್ಲ. ಜಿಂಕೆ ಓಡಿದರೆ ಹಿಡಿಯುವವರಿರಲಿಲ್ಲ. ಹಂದಿ ಅಡ್ಡ ನಿಂತರೆ ದಾಟುವವರಿರಲಿಲ್ಲ. ಗೋಲಿನ ಮುಂದೆ ಕರಡಿ ಬೋರಣ್ಣ ಕೈಯಗಲಿಸಿ ನಿಂತರೆ ಗಾಳಿಯೂ ಕೇಳಿಕೊಂಡೇ ಒಳಗೆ ಹೋಗಬೇಕಿತ್ತು. ಎಂಬತ್ತು ನಿಮಿಷದವರೆಗೆ ಈ ತಂಡ ಯಾರಿಗೂ ಸೋಲುತ್ತಿರಲಿಲ್ಲ. ದುರದೃಷ್ಟವಶಾತ್ ಆಟವಿದ್ದದ್ದು ತೊಂಬತ್ತು ನಿಮಿಷ.

ಕೊನೆಯ ಹತ್ತು ನಿಮಿಷದಲ್ಲಿ ಅದೇನಾಗುತ್ತಿತ್ತೋ, ಒಂದರ ಹಿಂದೊಂದು ಗೋಲು ಬೀಳುತ್ತಿತ್ತು. ಆ ವರ್ಷ ಆರು ಪಂದ್ಯಗಳು ಹೀಗೆಯೇ ಕೈತಪ್ಪಿದವು. ಕ್ರೀಡಾ ಸಂಘವೇನೂ ಸುಮ್ಮನೆ ಕುಳಿತಿರಲಿಲ್ಲ. ವಿಚಾರಣಾ ಸಮಿತಿಯನ್ನು ನೇಮಿಸಿತ್ತು. ಆಟಗಾರರಿಗೆ ದಮ್ಮು ಸಾಲದು, ಹುರುಳಿ ತಿನ್ನಿಸಬೇಕೆಂದು ಸಮಿತಿಯ ಕುದುರೆ ಬರೆಯಿತು. ತಿನ್ನಿಸಿದರು, ಗೋಲು ಬಿತ್ತು. ಹುಲ್ಲು ಉದ್ದವಾಯಿತೆಂದು ಕೊಕ್ಕರೆ ಬರೆಯಿತು. ಕುರಿಗಳು ಒಂದೇ ಬೆಳಿಗ್ಗೆ ಮೈದಾನವನ್ನು ಮೇಯ್ದು ಮುಗಿಸಿದವು; ಆಗಲೂ ಗೋಲು ಬಿತ್ತು.

ಕಡೆಗೆ ಸಂಘದ ಅಧ್ಯಕ್ಷರಾದ ಆನೆ ಗಜಪ್ಪನವರು ಬೋರಣ್ಣನನ್ನು ಕರೆಸಿ, ಹೊಳೆಯಾಚೆಯ ನರಿಗಳ ಮೇಲಿನ ಪಂದ್ಯದಲ್ಲೂ ಕೊನೆಗೆ ಗೋಲು ಬಿದ್ದರೆ ಅವನ ಜಾಗದಲ್ಲಿ ಕೋತಿಯನ್ನು ನಿಲ್ಲಿಸುವುದಾಗಿ ತಿಳಿಸಿದರು. ಬೋರಣ್ಣ ಒಂಬತ್ತು ವರ್ಷ ಆ ಎರಡು ಕಂಬಗಳ ನಡುವೆ ಬಾಳಿದವನು. ಮನೆಯಲ್ಲೂ ಬಾಗಿಲ ನಡುವೆಯೇ ನಿಲ್ಲುವುದು ಅವನಿಗೆ ಅಭ್ಯಾಸವಾಗಿ, ಹೆಂಡತಿ ಕಾಳವ್ವ ನೀರಿಗೆ ಹೋಗುವಾಗಲೆಲ್ಲ ಬೈದುಕೊಂಡೇ ದಾಟುತ್ತಿದ್ದಳು. ಆ ಕಂಬಗಳು ಹೋದರೆ ತಾನು ಎಲ್ಲಿ ನಿಲ್ಲಬೇಕೆಂಬುದೇ ಅವನಿಗೆ ತೋಚಲಿಲ್ಲ.

ಖಾಲಿ ಮೈದಾನದಲ್ಲಿ ಕುಳಿತು ಅವನು ಬಹಳ ಹೊತ್ತು ಯೋಚಿಸಿದ. ಗೋಲು ಕಾಯುವವನಿಗೆ ಆಟದುದ್ದಕ್ಕೂ ಕಾಣುವುದು ತನ್ನವರ ಬೆನ್ನು. ಕೊನೆಯ ಹತ್ತು ನಿಮಿಷ ಮಾತ್ರ ತನಗೆ ಅವರ ಮುಖ ಕಾಣುತ್ತದೆಂಬುದು ಅವನಿಗೆ ಆಗ ಹೊಳೆಯಿತು.

ಅದಕ್ಕೆ ಕಾರಣವೂ ಇತ್ತು. ಸನ್ಮಾನದ ವೇದಿಕೆಯಿದ್ದದ್ದು ಅವನ ಗೋಲಿನ ಹಿಂದೆ. ಆಟ ಮುಗಿದರೆ ಜನ ನಿಲ್ಲುವುದಿಲ್ಲವೆಂದು, ಮುಗಿಯಲು ಹತ್ತು ನಿಮಿಷವಿರುವಾಗಲೇ ಆ ದಿನ ಸನ್ಮಾನ ಪಡೆಯುವ ಆಟಗಾರರ ಹೆಸರು ಕೂಗುವುದು ಆ ಊರಿನ ಪದ್ಧತಿ. ಹೆಸರು ಕೂಗುವ ಗೊರವಂಕ ಹಕ್ಕಿ ಮೈಕಿನ ಮುಂದೆ ಕೆಮ್ಮಿದೊಡನೆ ತಂಡದ ಕತ್ತೆ ಎರಡೂ ಕಿವಿಗಳನ್ನು ವೇದಿಕೆಯತ್ತ ತಿರುಗಿಸುತ್ತಿತ್ತು. ಶಾಲಿಗೆ ಕೆಸರಾದೀತೆಂದು ಹಂದಿ ಒಣ ಜಾಗ ಹುಡುಕುತ್ತಿತ್ತು. ಪೇಟ ಕೊಂಬಿನ ಮೇಲೆ ಕೂರುವುದೋ ಇಲ್ಲವೋ ಎಂಬುದು ಜಿಂಕೆಯ ಚಿಂತೆ.

ಬೋರಣ್ಣ ಗಜಪ್ಪನವರ ಬಳಿಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಹೇಳಿದ.

"ಯಜಮಾನರೇ, ನೀವು ಶಾಲು ಬಿಡಿಸಿದ ಕೂಡಲೇ ನಮ್ಮವರು ಕತ್ತು ಚಾಚುತ್ತಾರೆ. ಚೆಂಡಿನ ಕಡೆ ಯಾರೂ ಇರುವುದಿಲ್ಲ."

"ಹಾಗಾದರೆ ತಪ್ಪು ಶಾಲಿನದೇನಪ್ಪಾ?"

"ಶಾಲಿನದಲ್ಲ, ಹೊತ್ತಿನದು. ಸೀಟಿ ಊದಿದ ಮೇಲೆ ಹೊದಿಸಿ."

"ಆಮೇಲೆ ನನ್ನ ಭಾಷಣವನ್ನು ಯಾರು ಕೇಳುತ್ತಾರೆ? ಗೋಲಿನ ಕಂಬವೇ?"

ಪಕ್ಕದಲ್ಲಿದ್ದ ಗೊರವಂಕ ಕತ್ತು ಕೊಂಕಿಸಿತು. "ಒಂಬತ್ತು ವರ್ಷದಲ್ಲಿ ಬೋರಣ್ಣನಿಗೆ ಒಂದೂ ಶಾಲು ಬಂದಿಲ್ಲ, ಯಜಮಾನರೇ. ಹೊಟ್ಟೆ ಉರಿಯದೆ ಇರುತ್ತದೆಯೇ?"

"ನಾನು ಹುಟ್ಟುವಾಗಲೇ ಕಂಬಳಿ ಹೊದ್ದು ಬಂದವನು ಕಣಯ್ಯಾ," ಎಂದ ಬೋರಣ್ಣ. "ನಿನ್ನ ಶಾಲು ತಗೊಂಡು ಏನು ಮಾಡಲಿ?"

ಗಜಪ್ಪನವರು ಹೊಟ್ಟೆ ಕುಣಿಸಿ ನಕ್ಕರು. ಸನ್ಮಾನ ಬೇಡವೆನ್ನುವ ಪ್ರಾಣಿಯನ್ನು ಅವರು ಅದುವರೆಗೆ ಕಂಡಿರಲಿಲ್ಲ. ನರಿಗಳ ಮೇಲಿನ ಪಂದ್ಯದಲ್ಲಿ ಆಟ ಮುಗಿಯುವವರೆಗೆ ಯಾರ ಹೆಸರನ್ನೂ ಕೂಗಿಸುವುದಿಲ್ಲವೆಂದು ಮಾತು ಕೊಟ್ಟರು.

ಪಂದ್ಯದ ದಿನ ಊರಿನ ತಂಡ ಒಂದು ಗೋಲು ಮುಂದಿತ್ತು. ಎಂಬತ್ತನೆಯ ನಿಮಿಷ ಬಂತು, ಮೈಕು ಕೆಮ್ಮಲಿಲ್ಲ. ಹತ್ತು ಬೆನ್ನುಗಳು ಬೋರಣ್ಣನ ಮುಂದೆ ಗೋಡೆಯಂತೆ ನಿಂತವು. ಹಂದಿ ಮನಸಾರೆ ಕೆಸರಿನಲ್ಲಿ ಹೊರಳಿ ಎರಡು ಬಾರಿ ಚೆಂಡು ತಡೆಯಿತು. ನರಿಗಳು ಒಂದರ ಮುಖ ಒಂದು ನೋಡತೊಡಗಿದವು.

ವೇದಿಕೆಯ ಮೇಲೆ ಗಜಪ್ಪನವರಿಗೆ ಎದೆ ತುಂಬಿ ಬಂತು. ಇಂಥ ಉಪಾಯ ಹೇಳಿಕೊಟ್ಟವನನ್ನು ಜನರೆಲ್ಲ ಇರುವಾಗಲೇ ಹೊಗಳದಿದ್ದರೆ ಅದೆಂಥ ಅಧ್ಯಕ್ಷಗಿರಿ ಎನ್ನಿಸಿತು. ಇನ್ನು ಒಂದೇ ನಿಮಿಷವಲ್ಲವೇ ಎಂದುಕೊಂಡು, ಅವರು ಗೊರವಂಕದ ಕಿವಿಯಲ್ಲಿ ಏನೋ ಹೇಳಿದರು.

"ತನಗೆ ಸನ್ಮಾನವೇ ಬೇಡವೆಂದ ಏಕೈಕ ಆಟಗಾರ," ಎಂದಿತು ಮೈಕು, "ಶ್ರೀಯುತ ಬೋರಣ್ಣನವರು..."

ತಮ್ಮ ಹೆಸರಲ್ಲವೆಂದು ಉಳಿದ ಹತ್ತು ಮಂದಿ ಯಾರೂ ತಿರುಗಲಿಲ್ಲ. ಆದರೆ ಬೋರಣ್ಣನ ಹೆಸರಿಗೆ ಅದುವರೆಗೆ ಯಾರೂ ಶ್ರೀಯುತ ಎಂದು ಸೇರಿಸಿರಲಿಲ್ಲ. ಅವನು ತಿರುಗಿದ. ದೂರದಿಂದ ಒಂದು ನರಿ ಅವಸರವಿಲ್ಲದೆ ಒದ್ದ ಚೆಂಡು ಅವನ ಪಕ್ಕದಲ್ಲೇ ಉರುಳಿಕೊಂಡು ಒಳಗೆ ಹೋಯಿತು.

ಬೇಡವೆಂದು ಕೈಮುಗಿಯಲು ತಿರುಗಿದ್ದೆನೆಂದು ಆಮೇಲೆ ಅವನು ಕಾಳವ್ವನಿಗೆ ಹೇಳಿದ. ಹಾಗಿದ್ದರೆ ಕತ್ತು ಯಾಕೆ ಚಾಚಿದ್ದೆ ಎಂದು ಅವಳು ಕೇಳಿದಳು.

ವಿಚಾರಣಾ ಸಮಿತಿ ಮತ್ತೆ ಸೇರಿತು. ಯಾವ ಆಟಗಾರನಿಗೂ ಶಾಲು ಹೊದಿಸದ ದಿನವೂ ಗೋಲು ಬಿದ್ದಿರುವುದರಿಂದ, ಗೋಲಿಗೂ ಸನ್ಮಾನಕ್ಕೂ ಸಂಬಂಧವಿಲ್ಲವೆಂದು ಎಲ್ಲರೂ ಒಪ್ಪಿ ಬರೆದರು. ಹಳೆಯ ಪದ್ಧತಿ ಮೊದಲಿನಂತೆ ಮುಂದುವರಿಯಿತು. ಕಂಬಗಳ ನಡುವಿನ ಜಾಗ ಕೋತಿಗೆ ಹೋಯಿತು.

ಒಂಬತ್ತು ವರ್ಷ ದುಡಿದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಸಂಘವು ಬೋರಣ್ಣನಿಗೆ ಬೀಳ್ಕೊಡುಗೆಯ ಸನ್ಮಾನವನ್ನು ಗೊತ್ತುಮಾಡಿತು. ಮುಂದಿನ ಪಂದ್ಯದ ಎಂಬತ್ತನೆಯ ನಿಮಿಷಕ್ಕೆ ಸರಿಯಾಗಿ ಬರಬೇಕೆಂದು ಗೊರವಂಕ ಮನೆಬಾಗಿಲಿಗೇ ಬಂದು ಹೇಳಿತು. ಬೋರಣ್ಣ ಈ ಬಾರಿ ವಾದ ಮಾಡಲಿಲ್ಲ. ಶಾಲು ಯಾವ ಬಣ್ಣದ್ದು ಎಂದಷ್ಟೇ ಕೇಳಿದ.

ನನಗೆ ತಿಳಿದದ್ದು ಇಷ್ಟು. ಬರೆದದ್ದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.