ಪಂಚಮಿಯ ದಿನ ಬಾರದ ಡಬ್ಬಿ

ಒಂದು ಊಟದ ಡಬ್ಬಿಗೆ ಹನ್ನೆರಡು ರೂಪಾಯಿ. ಅದರಲ್ಲಿ ಮೂರು ಜೋಳದ ರೊಟ್ಟಿ, ಪಲ್ಯ, ಬ್ಯಾಳಿ, ಒಂದಿಷ್ಟು ಶೇಂಗಾ ಚಟ್ನಿ. ಜೋಳ, ಸೀಮೆಎಣ್ಣೆ, ಡಬ್ಬಿ ಮುಟ್ಟಿಸುವ ಗಂಡ ಗೂಳಪ್ಪನ ಸೈಕಲ್ಲಿನ ಪಂಕ್ಚರು ಎಲ್ಲ ಕಳೆದರೆ ಭೀಮವ್ವನ ಕೈಯಲ್ಲಿ ಉಳಿಯುವುದು ಮೂರು ರೂಪಾಯಿ. ಓಣಿಯ ತುದಿಗೆ ಸುಮಂಗಲಾಳ ಬಳೆ ಅಂಗಡಿ. ಅಲ್ಲಿದ್ದ ಕೆಂಪು ಫೋನಿಗೆ ಒಂದು ರೂಪಾಯಿ ಹಾಕಿದರೆ ಅವರು ದುಡಿಯಲು ಬಂದಿದ್ದ ತಳೇಗಾಂವದಲ್ಲಿ ಯಾರ ಮನೆಗಾದರೂ ಮಾತಾಡಬಹುದಿತ್ತು.

ನಾಗರ ಪಂಚಮಿಯ ಹಿಂದಿನ ಸಂಜೆ ಭೀಮವ್ವ ಬಳೆ ಇಡಿಸಿಕೊಳ್ಳಲು ಅಲ್ಲಿಗೆ ಬಂದಳು.

"ನಾಳೆ ಡಬ್ಬಿ ಇಲ್ಲಲ್ಲ, ಎಲ್ಲರಿಗೂ ಹೇಳೀದಿ ಏನವ್ವಾ?" ಸುಮಂಗಲಾ ಕೇಳಿದಳು.

"ಹೇಳೀನಿ. ಫ್ಯಾಕ್ಟರಿಯ ಬಿಹಾರಿ ಹುಡುಗ್ರಿಗೆ ಹೇಳೀನಿ, ಹೊರಗಿನ ಮಂದಿಗೆಲ್ಲ ಹೇಳೀನಿ."

"ಶಂಕ್ರೆಪ್ಪಣ್ಣಗ?"

"ಅಯ್ಯ, ಅವರು ನಮ್ಮ ಶಹಾಪೂರ ಕಡಿಯವರು. ಪಂಚಮಿಗೆ ಒಲಿ ಮ್ಯಾಲೆ ಹಂಚು ಇಡಂಗಿಲ್ಲ ಅಂತ ಅವರಿಗೂ ಕಲಿಸ್ಬೇಕೇನು? ನಮಗೇನು ಹಬ್ಬಾ ಹುಣ್ಣಿವಿ ಮರ್ತಾವೇನು ಅಂತ ಸಿಟ್ಟಿಗೇಳ್ತಾರ."

"ರಾತ್ರಿ ಪಾಳಿ ಮಾಡೋರಿಗೆ ವಾರ ಯಾವುದಂತ ತಿಳಿಯಂಗಿಲ್ಲ, ಪಂಚಮಿ ಎಲ್ಲಿ ನೆನಪಿರ್ತದ? ಒಂದು ರೂಪಾಯಿ ಹಾಕು, ಅವರ ಮನಿ ಮಾಲಕಿ ಗಂಗೂಬಾಯಿಗೆ ಹೇಳು."

"ಒಂದು ರೂಪಾಯಿಗೆ ಒಂದು ಸಿವುಡು ಕೊತ್ತಂಬ್ರಿ ಬರ್ತದ," ಎಂದು ಭೀಮವ್ವ ನಕ್ಕಳು. ಹಸಿರು ಬಳೆ ಇಡಿಸಿಕೊಂಡು ಮನೆಗೆ ಹೋದಳು.

ಮರುದಿನ ಹಾಲೆರೆದು, ಉಂಡಿ ತಿಂದು, ಮಧ್ಯಾಹ್ನ ಅಡ್ಡಾಗಿದ್ದಳು. ಸುಮಂಗಲಾ ಅಂಗಡಿ ಹಾಗೇ ಬಿಟ್ಟು ಓಡಿಬಂದಳು. ಗಂಗೂಬಾಯಿ ಫೋನ್ ಮಾಡಿದ್ದಳಂತೆ. ಶಂಕ್ರೆಪ್ಪನನ್ನು ದವಾಖಾನೆಗೆ ಒಯ್ದಿದ್ದರು.

ಶಂಕ್ರೆಪ್ಪ ಒಂದು ಗೋದಾಮಿನ ವಾಚ್‌ಮನ್. ಒಂಟಿ ಕೋಣೆ, ಒಲೆ ಇಲ್ಲ. ಅವನಿಗೆ ಸಕ್ಕರೆ ಕಾಯಿಲೆ. ರಾತ್ರಿ ಪಾಳಿ ಮುಗಿಸಿ ಬಂದು, ತಾನೇ ಇನ್ಸುಲಿನ್ ಚುಚ್ಚಿಕೊಂಡು, ಡಬ್ಬಿ ಬರುವವರೆಗೆ ಅಡ್ಡಾಗುತ್ತಿದ್ದ. ಗೂಳಪ್ಪ ಬಾಗಿಲು ಬಡಿದರೆ ಎದ್ದು ಉಣ್ಣುವುದು ರೂಢಿ. ಪಂಚಮಿಯ ದಿನ ಯಾರೂ ಬಾಗಿಲು ಬಡಿಯಲಿಲ್ಲ. ಹೊಟ್ಟೆಗೆ ಕೂಳಿಲ್ಲ, ಒಳಗೆ ಇನ್ಸುಲಿನ್ ತನ್ನ ಕೆಲಸ ಮಾಡುತ್ತಲೇ ಇತ್ತು. ರಕ್ತದ ಸಕ್ಕರೆ ತೀರಾ ಇಳಿದು ನಿದ್ದೆಯಲ್ಲೇ ಎಚ್ಚರ ತಪ್ಪಿತು. ನೀರು ತುಂಬಿಕೊಳ್ಳಲು ಕರೆಯಹೋದ ಗಂಗೂಬಾಯಿ ನೋಡುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಎಂಟು ತಿಂಗಳು ಅವನಿಗೆ ಊಟ ಕೊಟ್ಟಿದ್ದರೂ ಭೀಮವ್ವನಿಗೆ ಈ ಕಾಯಿಲೆಯ ಸುದ್ದಿ ಗೊತ್ತಿರಲಿಲ್ಲ. ಇವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಊರಿಂದ ಅವನ ಹೆಂಡತಿ ಅವ್ವಮ್ಮ ಬಂದಳು. ಜೀವ ಉಳಿದಿತ್ತು. ಆದರೆ ಬಹಳ ಹೊತ್ತು ಸಕ್ಕರೆ ಇಳಿದೇ ಇದ್ದು ಮಿದುಳಿಗೆ ಪೆಟ್ಟಾಗಿತ್ತು, ಅವನು ಹೆಂಡತಿಯ ಗುರುತು ಹಿಡಿಯಲಿಲ್ಲ. ದವಾಖಾನೆಯ ಬಾಗಿಲಲ್ಲಿ ಭೀಮವ್ವ ಅವಳ ಕೈ ಹಿಡಿದುಕೊಂಡಳು. ಅವ್ವಮ್ಮ ಬೈಯಲಿಲ್ಲ.

"ಒಂದು ಮಾತು ಹೇಳಿದ್ರ ಒಂದೆರಡು ಬಾಳಿಹಣ್ಣಾದ್ರೂ ತಂದಿಟ್ಕೋತಿದ್ರಲ್ಲವ್ವಾ," ಎಂದಳು, ಅಷ್ಟೇ.

ಭೀಮವ್ವ ಮನೆಗೆ ಬಂದು ಹಂಚನ್ನು ಬೋರಲು ಹಾಕಿ ಕೂತಳು. ತಪ್ಪು ತಮ್ಮದೆಂದು ಗೂಳಪ್ಪ ಮಾತ್ರ ಒಪ್ಪಲಿಲ್ಲ.

"ನಮ್ಮದೇನು ತಪ್ಪು? ಹಬ್ಬಕ್ಕ ಒಂದಿನ ರಜಾ ತಗೋಬಾರದೇನು? ಅವರ ಜಡ್ಡು ಅವರು ಹೇಳಬೇಕಿತ್ತು."

"ರಜಾ ತಗೊಂಡಿದ್ದು ತಪ್ಪಲ್ಲಣ್ಣಾ, ಹೇಳದ ತಗೊಂಡಿದ್ದು ತಪ್ಪು," ಎಂದಳು ಜೊತೆಗೆ ಬಂದಿದ್ದ ಸುಮಂಗಲಾ. "ಅವರೂ ಹೇಳಬೇಕಿತ್ತು, ಖರೆ. ದಿನಾ ಅವರ ಬಾಗಿಲಿಗೆ ಹೋಗಾಂವ ನೀನು. ಊಟ ಹ್ಯಾಂಗದ, ಏನು ನಡೀತದ, ಏನು ನಡೆಯಂಗಿಲ್ಲ ಅಂತ ಒಂದಿನರೆ ಕೇಳೀಯೇನು?"

ಗೂಳಪ್ಪ ಬೋರಲು ಬಿದ್ದ ಹಂಚಿನ ಪಕ್ಕ ಕೂತ. "ಕೇಳಿದ್ರ ಏನಾರ ಹುಳುಕು ತಗೀತಾರಂತ ನಿಲ್ಲತಿದ್ದಿಲ್ಲವ್ವಾ. ಡಬ್ಬಿ ಇಟ್ಟು, ಬಾಗಿಲು ಬಡಿದು ಬರತಿದ್ದೆ."

"ಹಂಗಾದ್ರ ನಾಳೆ ನಿಲ್ಲು."

ಮರುದಿನ ಗಂಡ ಹೆಂಡತಿ ಇಬ್ಬರೂ ಗಿರಾಕಿಗಳ ಮನೆ ಮನೆಗೆ ಹೋದರು. ಎರಡನೆಯ ಮನೆಯಲ್ಲೇ ಇನ್ನೊಂದು ಕಾಯಿಲೆ ಹೊರಬಿತ್ತು. ಗಾರೆ ಕೆಲಸದ ಹುಲಿಗೆಪ್ಪನಿಗೆ ಬಿಪಿ. ಉಪ್ಪು ಕಡಿಮೆ ಮಾಡೆಂದು ಡಾಕ್ಟರು ಹೇಳಿ ವರ್ಷವಾಗಿತ್ತು.

"ನಮಗ್ಯಾಕ ಹೇಳಲಿಲ್ಲೋ ತಮ್ಮಾ?" ಭೀಮವ್ವ ಕೇಳಿದಳು.

"ನೀವು ಬ್ಯಾಸರ ಮಾಡ್ಕೋತೀರಂತ ಸುಮ್ನಿದ್ದೆನಕ್ಕಾ. ಚಟ್ನಿ ಒಂದೇ ಬಿಡ್ತಿದ್ದೆ."

ಅಂದಿನಿಂದ ರಜೆಯ ಮಾತನ್ನು ಎರಡು ದಿನ ಮೊದಲೇ ಭೀಮವ್ವ ಎಲ್ಲರಿಗೂ ಹೇಳುತ್ತಾಳೆ. ನಮ್ಮವರು, ಹೊರಗಿನವರು ಎಂಬುದಿಲ್ಲ. ಕೇಳಿಸಿಕೊಂಡವರು ಹೂಂ ಎನ್ನುವವರೆಗೆ ಗೂಳಪ್ಪ ಬಾಗಿಲಿಂದ ಕದಲುವುದಿಲ್ಲ. ಒಮ್ಮೊಮ್ಮೆ ಅವರು ನಗುತ್ತಾರೆ, ಒಮ್ಮೊಮ್ಮೆ ಬೈಯುತ್ತಾರೆ. ಅವನು ನಿಂತೇ ಇರುತ್ತಾನೆ.

ಸ್ವಸಹಾಯ ಸಂಘದ ಅಕ್ಕತಂಗಿಯರೇ, ಡಬ್ಬಿ ಕೊಡುವವರೇ, ಬಟ್ಟೆ ಹೊಲಿಯುವವರೇ, ಹಾಲು ಹಾಕುವವರೇ, ನಿಮ್ಮ ಗಿರಾಕಿಗೆ ಗೊತ್ತೇ ಇರುತ್ತದೆ ಎಂದುಕೊಳ್ಳಬೇಡಿ. ಬರುವುದಾದರೆ ಹೇಳಿ, ಬಾರದಿದ್ದರೆ ಮೊದಲೇ ಹೇಳಿ. ಅವರಿಗೇನು ಬೇಕೆಂದು ನಿಂತು ಕೇಳಿ. ಕೊಳ್ಳುವವರೇ, ನೀವೂ ಸಂಕೋಚ ಬಿಡಿ. ನಿಮ್ಮ ಕಾಯಿಲೆಯನ್ನು ಅಡುಗೆ ಮಾಡುವ ಕೈಗೆ ತಿಳಿಸಿ. ಊಟಕ್ಕೆಂದು ಇನ್ಸುಲಿನ್ ತಗೊಳ್ಳುವವರು, ಊಟ ಕಣ್ಣ ಮುಂದೆ ಬರುವ ಮೊದಲು ಸೂಜಿ ಮುಟ್ಟಬೇಡಿ.

ಭೀಮವ್ವನ ಗಿರಾಕಿಗಳು ಈಗ ಮೊದಲಿಗಿಂತ ಹೆಚ್ಚಾಗಿದ್ದಾರೆ. ಶಂಕ್ರೆಪ್ಪ ಶಹಾಪೂರದ ಮನೆಯಲ್ಲಿದ್ದಾನೆ. ಅವ್ವಮ್ಮ ತುತ್ತು ಮಾಡಿ ಉಣಿಸುತ್ತಾಳೆ. ಉಣಿಸುವವಳು ಯಾರೆಂದು ಅವನಿಗೆ ಇನ್ನೂ ಗೊತ್ತಿಲ್ಲ.