ಚೀಟಿಯಲ್ಲಿ ಬಂದ ಪಕ್ಷ

"ಹಗಲು ದರೋಡೆ ಮಾಡೀರಿ ನೀವು. ನಮ್ಮ ಹುಡುಗೀನ್ನ ಕಳವು ಮಾಡಿ, ತಿರುಗಿ ನಮ್ಮ ಮ್ಯಾಲೇ ಬಿಟ್ಟೀರಿ. ನಾಚಿಕಿ ಆಗೂದಿಲ್ಲೇನ್ರೀ ನಿಮಗ?"

"ನಾನೇನ್ ಮಾಡ್ದೆ ರುದ್ರೇಶ್? ನಾನು ಬರೀ ಫೀಸ್ ಕಟ್ಟೋನು."

"ಹಂಗಾದ್ರ ಫೀಸಿನ ರೊಕ್ಕದಾಗ ಗೋಲು ಕೊಂಡೀವಿ ಅಂತ ಹೇಳ್ರಿ."

"ಕೊಂಡಿದ್ರೆ ಒಂಬತ್ತೂ ಕೊಂಡಿದೀವಿ. ರಸೀದಿ ಬೇಕಾ?"

ನ್ಯೂಜಿಲೆಂಡಿನ ಅಪ್ಪರ್ ಹಟ್‌ನ ಮೈದಾನದ ಅಂಚಿನಲ್ಲಿ, ಆಗಸ್ಟ್ ತಿಂಗಳ ಚಳಿಯಲ್ಲಿ, ನಾನೂ ನರಸಿಂಹ ಅವರೂ ಹೀಗೆ ಕನ್ನಡದ ಸೇವೆ ಮಾಡುತ್ತಿದ್ದೆವು. ಸುತ್ತಲಿದ್ದ ಸ್ಥಳೀಯ ತಾಯಂದಿರಿಗೆ ಭಾಷೆ ತಿಳಿಯದಿದ್ದರೂ ನನ್ನ ಕೈ ಆಡುತ್ತಿದ್ದ ರೀತಿಯಿಂದ ವಿಷಯ ತಿಳಿದಿತ್ತು. ಒಬ್ಬಾಕೆ ತನ್ನ ನಾಯಿಯನ್ನು ಸ್ವಲ್ಪ ದೂರಕ್ಕೆ ಎಳೆದುಕೊಂಡಳು.

ಆದದ್ದು ಇಷ್ಟು. ಹೈಸ್ಕೂಲು ಹುಡುಗಿಯರ ಫುಟ್ಬಾಲ್ ಪಂದ್ಯ. ಒಂದು ಕಡೆ ನಮ್ಮ ಸರ್ಕಾರಿ ಶಾಲೆ. ಇನ್ನೊಂದು ಕಡೆ ಗುಡ್ಡದ ಮೇಲಿನ ಖಾಸಗಿ ಶಾಲೆ. ಅವರು ಒಂಬತ್ತು, ನಾವು ಸೊನ್ನೆ. ನನ್ನ ಮಗಳು ಪೂರ್ವಿ ನಮ್ಮ ಗೋಲ್‌ಕೀಪರ್, ಅಂದರೆ ಒಂಬತ್ತು ಸಲ ಬಲೆಯೊಳಗಿನ ಚೆಂಡನ್ನು ಬಗ್ಗಿ ಎತ್ತಿಕೊಂಡವಳು ಅವಳೇ. ಅದರಲ್ಲಿ ನಾಲ್ಕನ್ನು ಹೊಡೆದವಳು ಮೆರೆ ಎಂಬ ಹುಡುಗಿ. ಹಿಂದಿನ ವರ್ಷ ಈ ಮೆರೆ ನಮ್ಮ ತಂಡದವಳೇ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ನನ್ನ ಹೆಂಡತಿಯ ಶೇಂಗಾ ಹೋಳಿಗೆ ತಿಂದವಳು. ಗುಡ್ಡದ ಶಾಲೆ ಅವಳಿಗೆ ಫೀಸ್ ಮಾಫಿ ಮಾಡಿ ಕರೆದುಕೊಂಡಿತು. ನರಸಿಂಹ ಅವರ ಮಗಳು ಕೃತಿ ಮೊದಲಿನಿಂದಲೂ ಅಲ್ಲೇ ಓದುವವಳು. ಅವರು ಮೈಸೂರಿನವರು, ಅಕೌಂಟೆಂಟ್. ಮೆರೆಯನ್ನು ಕರೆದುಕೊಳ್ಳುವುದರಲ್ಲಿ ಅವರ ಕೈವಾಡ ಏನೂ ಇರಲಿಲ್ಲ. ಆದರೆ ಬೈಯಲು ಕನ್ನಡ ಬರುವ ಮನುಷ್ಯ ಆ ಕಡೆ ಅವರೊಬ್ಬರೇ ಇದ್ದರು.

ನಾನು ಹುನಗುಂದದ ಕಡೆಯ ಹಳ್ಳಿಯವನು. ಕನ್ನಡ ಶಾಲೆಯಲ್ಲಿ ಹತ್ತನೆಯ ತನಕ ಓದಿ, ಐಟಿಐ ಮಾಡಿ, ನರ್ಸ್ ಆಗಿದ್ದ ಹೆಂಡತಿಯ ವೀಸಾದ ಬಾಲ ಹಿಡಿದು ಈ ದೇಶಕ್ಕೆ ಬಂದೆ. ಈಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಫುಟ್ಬಾಲಿಗೂ ನನಗೂ ಇರುವ ನಂಟು ಹೇಳುತ್ತೇನೆ. ಒಮ್ಮೆ ಗೆರೆ ದಾಟಿ ಬಂದ ಚೆಂಡನ್ನು ಒಳಕ್ಕೆ ಒದೆಯಲು ಹೋದೆ. ಬೂಟು ಮೈದಾನದೊಳಗೆ ಹೋಗಿ ಬಿತ್ತು, ಚೆಂಡು ನನ್ನ ಕಾಲ ಬಳಿಯೇ ಉಳಿಯಿತು. ಆದರೂ ನಾನು ನಮ್ಮ ತಂಡದ ಮ್ಯಾನೇಜರ್. ಮ್ಯಾನೇಜರ್ ಆಯ್ಕೆಯ ಸಭೆಗೆ ಬಂದ ಪೋಷಕ ನಾನೊಬ್ಬನೇ ಆಗಿದ್ದೆ ಎಂಬುದನ್ನು ಊರಿಗೆ ಫೋನ್ ಮಾಡಿದಾಗ ನಾನು ಹೇಳುವುದಿಲ್ಲ.

ಆ ಪಂದ್ಯದ ಮರುವಾರ ಗುಡ್ಡದ ಶಾಲೆಯಿಂದ ನಮ್ಮ ಮನೆಗೇ ಫೋನ್ ಬಂತು. ಒಂಬತ್ತು ಗೋಲು ಬಿಟ್ಟುಕೊಟ್ಟ ಹುಡುಗಿ ಇನ್ನೂ ಇಪ್ಪತ್ತು ತಡೆದದ್ದನ್ನು ಅವರ ಕೋಚ್ ನೋಡಿದ್ದಳು. ನಾನು ನೋಡಿರಲಿಲ್ಲ, ನರಸಿಂಹ ಅವರನ್ನು ಬೈಯುವುದರಲ್ಲಿದ್ದೆ. ಪೂರ್ವಿಗೂ ಫೀಸ್ ಮಾಫಿ. ಗೋಲ್‌ಕೀಪರುಗಳಿಗೆಂದೇ ಬೇರೆ ತರಬೇತುದಾರರು. ಬರುವ ಫೆಬ್ರವರಿಯಿಂದ ಸೇರಬಹುದು, ನವೆಂಬರ್ ಮುಗಿಯುವುದರೊಳಗೆ ಉತ್ತರ ಹೇಳಿದರೆ ಸಾಕು.

ಪೂರ್ವಿ ಆ ದಿನ ಊಟ ಮಾಡುವಾಗ ಎರಡು ಸಲ ಎದ್ದು ನಿಂತಳು. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಹೋಗಬೇಕು ಎಂದಳು. ಇಂಗ್ಲಿಷಿನಲ್ಲಿ ಹೇಳಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಆಗೂದಿಲ್ಲ," ಎಂದೆ. "ಆ ಕಳ್ಳರ ಮನಿಗೆ ನನ್ನ ಮಗಳು ಹೋಗೂದಿಲ್ಲ."

"ಅಕಿ ಆಟ ಅಕಿ ಆಡ್ತಾಳ್ರೀ," ಎಂದಳು ಹೆಂಡತಿ ಸೌಂದರ್ಯಾ. "ನೀವ್ಯಾಕ ನಡುವ ಕಂಬಾ ಆಗಿ ನಿಂತೀರಿ?"

"ತತ್ವ ಅಂತ ಒಂದು ಐತಿ."

"ತತ್ವ ಅಲ್ರೀ ಅದು. ನರಸಿಂಹ ಅವರು ನಗ್ತಾರಂತ ಅಂಜಿಕಿ."

ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಎದುರು ತತ್ವ ಮಾತಾಡಬಾರದು. ಅವಳು ಹೇಳಿದ್ದು ನಿಜ. ಮಗಳು ಆ ಶಾಲೆಗೆ ಹೋದರೆ ನಾನು ಮೈದಾನದ ಅಂಚಿನಲ್ಲಿ ವರ್ಷವಿಡೀ ಕೂಗಿದ್ದನ್ನೆಲ್ಲ ಒಂದೊಂದಾಗಿ ನುಂಗಬೇಕಿತ್ತು. ಕೂಗಿದ್ದು ಬಹಳ ಇತ್ತು. ಹಾಗಾಗಿ ಇಲ್ಲ ಎಂದೆ, ಮೂರು ತಿಂಗಳು ಇಲ್ಲ ಎನ್ನುತ್ತಲೇ ಇದ್ದೆ. ಪೂರ್ವಿ ವಾದ ಮಾಡಲಿಲ್ಲ. ಸಂಜೆ ಹಿತ್ತಲಿನ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದಳು. ಆ ದಪ್ ದಪ್ ಸದ್ದಿಗೆ ನಾನು ಟಿವಿ ಜೋರು ಮಾಡುತ್ತಿದ್ದೆ.

ಇದರ ನಡುವೆ ನವೆಂಬರ್ ಬಂತು, ರಾಜ್ಯೋತ್ಸವ ಬಂತು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಅರುಂಧತಿ ಎಂಬುವವರು, ಬೆಂಗಳೂರಿನ ಕಡೆಯವರು. ಪ್ರತಿವರ್ಷ ದೊಡ್ಡವರಿಗೆ ಒಂದು ಚರ್ಚಾಸ್ಪರ್ಧೆ ಇಡುತ್ತಾರೆ. ಆ ವರ್ಷದ ವಿಷಯ ಹೀಗಿತ್ತು: "ಬೇರೆ ಶಾಲೆಯ ಆಟಗಾರರನ್ನು ಸೆಳೆದುಕೊಳ್ಳುವ ಖಾಸಗಿ ಶಾಲೆಗಳನ್ನು ಫುಟ್ಬಾಲ್ ಪಂದ್ಯಾವಳಿಯಿಂದ ಹೊರಗಿಡಬೇಕು." ಮೈದಾನದಲ್ಲಿ ಪುಕ್ಕಟೆ ನಡೆಯುತ್ತಿದ್ದ ಜಗಳವನ್ನು ವೇದಿಕೆಗೆ ತಂದರೆ ಜನ ಸೇರುತ್ತಾರೆ ಎಂಬ ಲೆಕ್ಕ ಅವರದು. ಭಾಷಣಕಾರರು ಇಬ್ಬರೇ, ನಾನು ಮತ್ತು ನರಸಿಂಹ. ನನಗೆ ಖುಷಿಯೋ ಖುಷಿ. ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಲೇ ಭಾಷಣ ತಯಾರು ಮಾಡಿದೆ.

ಆದರೆ ಸಂಘದಲ್ಲಿ ಒಂದು ಪದ್ಧತಿ ಇದೆ. ಪರವೋ ವಿರೋಧವೋ ಎಂಬುದನ್ನು ನಾವು ಆರಿಸಿಕೊಳ್ಳುವಂತಿಲ್ಲ. ವೇದಿಕೆಯ ಮೇಲೆಯೇ ಚೀಟಿ ಎತ್ತಬೇಕು, ಬಂದದ್ದನ್ನು ಮಾತಾಡಬೇಕು. ಹಾಗಿಲ್ಲದಿದ್ದರೆ ಪ್ರತಿವರ್ಷ ಅದೇ ಜನ ಅದೇ ಮಾತು ಆಡುತ್ತಾರೆಂದು ಹಿರಿಯರು ಮಾಡಿದ ನಿಯಮ. ನನಗೆ ಅದು ಗೊತ್ತಿತ್ತು. ಸಿಟ್ಟಿನ ಭರದಲ್ಲಿ ನೆನಪಾಗಿರಲಿಲ್ಲ, ಅಷ್ಟೇ.

ಅರುಂಧತಿಯವರು ಸ್ಟೀಲಿನ ಡಬ್ಬಿ ಹಿಡಿದರು. ನಾನು ಚೀಟಿ ಎತ್ತಿ ಬಿಚ್ಚಿದೆ. "ವಿರೋಧ" ಎಂದು ಬರೆದಿತ್ತು. ಅಂದರೆ ನಾನು ಖಾಸಗಿ ಶಾಲೆಗಳ ಕಡೆ ನಿಂತು ಮಾತಾಡಬೇಕು.

"ಮೇಡಂ, ಇದು ಅದಲಿ ಬದಲಿ ಆಗೇತ್ರಿ."

"ಅದಲಿ ಬದಲಿ ಎಲ್ಲಾ ಇಲ್ಲ ರುದ್ರೇಶ್. ರೂಲ್ಸ್ ಅಂದ್ರೆ ರೂಲ್ಸ್."

"ಇನ್ನೊಮ್ಮೆ ಎತ್ತತೀನಿ."

"ಕೂತ್ಕೊಳಿ ಸಾರ್," ಎಂದರು ನರಸಿಂಹ, ತಮ್ಮ ಚೀಟಿಯನ್ನು ಲಾಟರಿ ಹೊಡೆದವರಂತೆ ತೋರಿಸುತ್ತ. "ಇವತ್ತು ನಿಮ್ ಕಡೆ ನಾನ್ ಮಾತಾಡ್ತೀನಿ. ನಿಮಗಿಂತ ಚೆನ್ನಾಗೇ ಮಾತಾಡ್ತೀನಿ."

ನಾನು ಕೂತು ಒಂದು ಉಪಾಯ ಮಾಡಿದೆ. ಎರಡು ವಾಕ್ಯ ಹೇಳಿ ಇಳಿದುಬಿಡುವುದು. ಸೋಲುವುದು. ಸೋತರೆ ನನ್ನ ಪಕ್ಷ ಗೆದ್ದಂತೆಯೇ ಅಲ್ಲವೇ? ಪೂರ್ವಿ ಮೂರನೆಯ ಸಾಲಿನಲ್ಲಿ ಫೋನ್ ನೋಡುತ್ತ ಕುಳಿತಿದ್ದಳು. ಅವಳ ಎದುರು ಆ ಶಾಲೆಯನ್ನು ಹೊಗಳಿದರೆ ಮನೆಯಲ್ಲಿ ನನ್ನ "ಇಲ್ಲ"ಕ್ಕೆ ಬೆಲೆ ಉಳಿಯುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು. ಆ ಬುದ್ಧಿ ಸುಮಾರು ಐದು ನಿಮಿಷ ಇತ್ತು.

ನರಸಿಂಹ ಎದ್ದು ನಿಂತು ನನ್ನ ಧಾಟಿಯಲ್ಲೇ ಶುರು ಮಾಡಿದರು. ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡು, ಕೈ ಆಡಿಸಿ, "ಹಗಲು ದರೋಡೆ ಮಾಡೀರ್ರೀ ನೀವು" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅವರ ಉತ್ತರ ಕರ್ನಾಟಕದ ಕನ್ನಡ ಎಷ್ಟು ಕೆಟ್ಟದಾಗಿತ್ತೆಂದರೆ ನನ್ನ ಕಿವಿ ಬಿಸಿಯಾಯಿತು. ಆಮೇಲೆ ಅವರು ಹೇಳಿದ ಒಂದೊಂದು ಮಾತೂ ನಾನು ಮೈದಾನದಲ್ಲಿ ಹೇಳಿದ್ದೇ. ಅದೇ ಮಾತು ಅವರ ಬಾಯಲ್ಲಿ ಬಂದಾಗ ಅಪ್ಪಟ ಮೂರ್ಖತನ ಅನ್ನಿಸಿತು.

ನನ್ನ ಸಿಟ್ಟಿಗೆ ಒಂದು ಗುಣ ಇದೆ. ಅದು ಎದುರಿಗಿದ್ದವನ ಮೇಲೆ ಹೋಗುತ್ತದೆ. ಅವನು ಯಾವ ಪಕ್ಷ, ನಾನು ಯಾವ ಪಕ್ಷ ಎಂದು ನೋಡುವುದಿಲ್ಲ. ನನ್ನ ಸರದಿ ಬಂದಾಗ ಎದ್ದು ಮೈಕು ಹಿಡಿದೆ.

"ನರಸಿಂಹ ಅವರು ಹೇಳ್ತಾರ, ಹುಡುಗೀನ್ನ ಕಳವು ಮಾಡ್ಯಾರ ಅಂತ. ಹುಡುಗಿ ಏನು ಎಮ್ಮೀ ಏನ್ರೀ, ಹಗ್ಗಾ ಬಿಚ್ಚಿ ಹೊಡಕೊಂಡು ಹೋಗಾಕ? ಅಕಿಗೆ ಎರಡು ಕಾಲದಾವು. ತಾನ ನಡಕೊಂಡು ಹೋಗ್ಯಾಳ."

ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು.

"ನಮ್ಮ ಸಾಲಿ, ನಮ್ಮ ಸಾಲಿ ಅಂತ ಎದಿ ಬಡಕೋತಾರ. ಆ ಸಾಲ್ಯಾಗ ಗೋಲ್‌ಕೀಪರ್‌ಗೆ ಕಲಿಸವ್ರು ಯಾರದಾರ? ಒಬ್ಬ ಬಸ್ ಮೆಕ್ಯಾನಿಕ್ ಅದಾನ. ಅವ ಏನು ಕಲಿಸ್ತಾನ? 'ಚೆಂಡು ಹಿಡಿ' ಅಂತಾನ. ಅಷ್ಟು ಅಕಿಗೂ ಗೊತ್ತೈತಿ. ಕಲಿಸಾಕ ಬಲ್ಲವ್ರು ಕರದಾಗ ಕಳಸಬೇಕೋ ಬ್ಯಾಡೋ? ಅಪ್ಪನ ಜಿದ್ದಿಗೆ ಮಗಳ ಆಟ ಯಾಕ ಒತ್ತೆ ಇಡಬೇಕು? ಪಂದ್ಯ ಸೋತವ್ರು ನಾಲ್ಕು ದಿನ ಅಳ್ತಾರ. ಹೋಗೂ ಹಾದಿ ಇದ್ದೂ ಹೋಗದ ಹುಡುಗಿ ಮನಿ ಗ್ವಾಡಿಗೆ ಚೆಂಡು ಒಗದು ಒಗದು ಜೀವನ ಕಳೀತಾಳ."

ಕೊನೆಯ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ತಯಾರಿ ಮಾಡಿದ್ದಲ್ಲ. ಹೇಳಿದ ಮೇಲೆ ಮೂರನೆಯ ಸಾಲು ನೋಡಿದೆ. ಪೂರ್ವಿಯ ಫೋನ್ ಮಡಿಲಲ್ಲಿ ಬೋರಲು ಬಿದ್ದಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

ನಾನು ಗೆದ್ದೆ. ತೀರ್ಪುಗಾರರು ಮೂವರೂ ನನಗೇ ಅಂಕ ಕೊಟ್ಟರು. ಪುಳಿಯೋಗರೆಯ ಸಾಲಿನಲ್ಲಿ ನಿಂತಿದ್ದಾಗ ನರಸಿಂಹ ಹತ್ತಿರ ಬಂದರು.

"ನಮ್ ಸ್ಕೂಲನ್ನ ಇಷ್ಟು ಚೆನ್ನಾಗಿ ನಮ್ ಪ್ರಿನ್ಸಿಪಾಲರೂ ಹೊಗಳಿಲ್ಲ ಸಾರ್. ಬಸ್ ಬಿಟ್ಟು ಅಡ್ಮಿಷನ್ ಆಫೀಸಿಗೆ ಸೇರ್ಕೊಳಿ."

"ಅನ್ನಾ ತಿನ್ರಿ ಸುಮ್ಮನ," ಎಂದೆ.

ಊಟ ಮುಗಿಸಿ ಕಾರು ಹತ್ತಿದೆವು. ಹೆದ್ದಾರಿಗೆ ಬಂದ ಮೇಲೆ ಹಿಂದಿನ ಸೀಟಿನಿಂದ ಪೂರ್ವಿಯ ದನಿ ಬಂತು.

"ಹುಡುಗಿ ಏನು ಎಮ್ಮೀ ಏನ್ರೀ."

ಕನ್ನಡದಲ್ಲಿ. ನಮ್ಮೂರ ಕನ್ನಡದಲ್ಲಿ, ಎಳೆಯುವ ಕಡೆ ಎಳೆದು. ಹದಿನಾರು ವರ್ಷದಲ್ಲಿ ಅವಳು ನನ್ನೊಡನೆ ಆಡಿದ ಅತಿ ಉದ್ದದ ಕನ್ನಡ ವಾಕ್ಯ ಅದು, ಅದೂ ನನ್ನದೇ.

"ಅದು ಚೀಟಿಯೊಳಗ ಬಂದಿದ್ದವ್ವಾ," ಎಂದೆ. "ನನ್ನ ಮಾತಲ್ಲ."

ಅವಳು ಇಂಗ್ಲಿಷಿಗೆ ತಿರುಗಿದಳು. ಶನಿವಾರ ಶನಿವಾರ ಮೈದಾನದಲ್ಲಿ ಕೂಗುತ್ತೀಯಲ್ಲ, ಅದು ಯಾವ ಚೀಟಿಯಲ್ಲಿ ಬಂದದ್ದು ಎಂದು ಕೇಳಿದಳು. ವ್ಯಂಗ್ಯವಾಗಿ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. ನಾನು ಇಂಡಿಕೇಟರ್ ಹಾಕಿದೆ. ತಿರುಗಬೇಕಾದ ರಸ್ತೆ ಇನ್ನೂ ಬಂದಿರಲಿಲ್ಲ.

"ಉತ್ತರಾ ಹೇಳ್ರೀ," ಎಂದಳು ಸೌಂದರ್ಯಾ. "ಗೆದ್ದವ್ರು ನೀವ."

ಹೂಂ ಎನ್ನಲು ನನಗೆ ಮತ್ತೊಂದು ವಾರ ಬೇಕಾಯಿತು. ಆ ಹೂಂಗೂ ಒಂದು ಬಾಲ ಕಟ್ಟಿದೆ. "ನಿಮ್ಮ ಕೋಚ್‌ಗೆ ನೀನ ಹೇಳಬೇಕು, ಎಲ್ಲಾ ಹುಡುಗ್ಯಾರ ಮುಂದ. ನಾ ಹೇಳೂದಿಲ್ಲ." ಅವಳಿಗೆ ಧೈರ್ಯ ಸಾಲುವುದಿಲ್ಲ, ಗೆಳತಿಯರು ಅಳುತ್ತಾರೆ, ಕೋಚ್ ಬೈಯುತ್ತಾಳೆ, ಹುಡುಗಿ ಮನಸ್ಸು ಬದಲಿಸುತ್ತಾಳೆ ಎಂದು ನನ್ನ ಎಣಿಕೆ. ನನ್ನ ಎಣಿಕೆಗಳ ವಿಷಯ ನಿಮಗೆ ಈಗಾಗಲೇ ತಿಳಿದಿದೆ.

ಇಲ್ಲಿ ನವೆಂಬರಿನಲ್ಲೇ ಬೇಸಿಗೆ ಶುರು, ಆಗ ನಮ್ಮ ತಂಡ ಬುಧವಾರ ಸಂಜೆ ಸೇರಿ ಸುಮ್ಮನೆ ಆಡುತ್ತದೆ. ಎಂಟು ಗಂಟೆಯಾದರೂ ಬಿಸಿಲಿರುತ್ತದೆ. ಆ ಬುಧವಾರ ಪೂರ್ವಿ ಆಟ ಮುಗಿಯುವ ತನಕ ಗೋಲಿನಲ್ಲಿ ನಿಂತಳು, ಆಮೇಲೆ ನಮ್ಮ ತಂಡದ ಕೋಚ್ ಡೆಬ್ರಾಳ ಬಳಿ ಹೋಗಿ ಹೇಳಿದಳು. ಹುಡುಗಿಯರು ಸುತ್ತ ನಿಂತಿದ್ದರು. ನಾನು ನಾಲ್ಕು ಹೆಜ್ಜೆ ಹಿಂದೆ ನಿಂತು ಡೆಬ್ರಾಳ ಸಿಟ್ಟಿಗಾಗಿ ಕಾದೆ.

ಡೆಬ್ರಾ ಅವಳ ಭುಜ ತಟ್ಟಿದಳು. ಒಳ್ಳೆಯದಾಯಿತು ಎಂದಳು. ಪೂರ್ವಿಯನ್ನು ನೋಡಿ ಎಂದು ಗುಡ್ಡದ ಶಾಲೆಯವರಿಗೆ ಹೇಳಿದ್ದೂ ತಾನೇ ಎಂದಳು.

"ನೀನಾ?" ಎಂದೆ ನಾನು. ಸಿಟ್ಟು ಬಂದರೆ ನನ್ನ ಇಂಗ್ಲಿಷ್ ಮೊದಲು ಓಡಿಹೋಗುತ್ತದೆ, ಇದ್ದಷ್ಟರಲ್ಲೇ ಕೂಗಿದೆ. ನಿನಗೆ ನಿಷ್ಠೆ ಇಲ್ಲ, ನಿನ್ನ ಶಾಲೆಯನ್ನು ನೀನೇ ಮಾರುತ್ತಿದ್ದೀಯ, ಮೆರೆಯನ್ನೂ ನೀನೇ ಕಳಿಸಿದೆಯೋ ಏನೋ, ಎಂದೆ. ಹೌದು, ಮೆರೆಯನ್ನೂ ನಾನೇ ಕಳಿಸಿದ್ದು ಎಂದಳು ಡೆಬ್ರಾ. ಅವಳಿಗೆ ನಾನು ಕಲಿಸಬಹುದಾದದ್ದು ಮುಗಿದಿತ್ತು ಎಂದಳು. ನಾನು ಇನ್ನಷ್ಟು ಕೂಗಿದೆ. ಕೇಳುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಬೂಟಿನ ದಾರ ಬಿಚ್ಚಲು ಕುಳಿತರು. ಯಾರ ದಾರವೂ ಅಷ್ಟು ಗಂಟಾಗಿರಲಿಕ್ಕಿಲ್ಲ.

ಪೂರ್ವಿ ಕೂಗಾಟ ಮುಗಿಯಲೆಂದು ಕಾಯಲಿಲ್ಲ. ಕೈಗವಸು ಬಿಚ್ಚಿದಳು. ಸಣ್ಣ ಹುಡುಗಿಯೊಬ್ಬಳು, ಮುಂದಿನ ವರ್ಷ ಗೋಲಿಗೆ ನಿಲ್ಲಬೇಕಾದವಳು, ಹತ್ತಿರದಲ್ಲಿ ಕುಳಿತಿದ್ದಳು. ಅವಳ ಮಡಿಲಲ್ಲಿ ಕೈಗವಸು ಇಟ್ಟಳು. ಎಲ್ಲರನ್ನೂ ಒಮ್ಮೆ ತಬ್ಬಿಕೊಂಡಳು. ನನ್ನ ಮುಂದೆ ಹಾದು ಹೋಗುವಾಗ ನಿಂತು, "ಅಪ್ಪಾ, ಸಾಕು," ಎಂದಳು, ಕನ್ನಡದಲ್ಲೇ. ಮೆಲ್ಲಗೆ ಹೇಳಿದಳು. ಆಮೇಲೆ ಗೇಟಿನ ಕಡೆ ನಡೆದಳು.

ಕಾರಿನ ಹತ್ತಿರ ಕಾಯುತ್ತಿರುತ್ತಾಳೆ ಎಂದುಕೊಂಡು ನಾನು ಡೆಬ್ರಾಳ ಜೊತೆ ಇನ್ನೂ ಸ್ವಲ್ಪ ಜಗಳ ಮುಂದುವರಿಸಿದೆ. ಜಗಳ ಮುಗಿಸಿ ಹೋದಾಗ ಕಾರಿನ ಹತ್ತಿರ ಯಾರೂ ಇರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ರೈಲಿನಲ್ಲಿ ಮನೆಗೆ ಹೋಗುತ್ತಿದ್ದೇನೆ ಎಂದು ಸಂದೇಶ ಬಂತು. ನಾನು ಕಾರಿನಲ್ಲಿ ಕೂತೆ, ಆದರೂ ಗೇಟಿನ ಕಡೆಯೇ ನೋಡುತ್ತಿದ್ದೆ. ಬಿಸಿಲು ಮುಗಿದು ಹುಡುಗಿಯರೆಲ್ಲ ಹೋದರು, ಡೆಬ್ರಾ ಗೇಟು ಹಾಕಿದಳು. ಪೂರ್ವಿ ಆ ಸಂಜೆ ಮೈದಾನಕ್ಕೆ ತಿರುಗಿ ಬರಲಿಲ್ಲ, ನಮ್ಮ ತಂಡಕ್ಕಂತೂ ಮತ್ತೆ ಬರಲೇ ಇಲ್ಲ.