ಕುರ್ಚಿ ತುಂಬಿದ ಸಾರ್ವಜನಿಕರು

"ಎಳೀಬೇಡ್ರೋ, ಎತ್ತಿಡ್ರೋ! ಕಾಲು ಮುರಿದ್ರೆ ನಿಮ್ಮಪ್ಪ ಬಂದು ಕೊಡ್ತಾನಾ ಕುರ್ಚಿನ? ಬೇವರ್ಸಿ ನನ್ಮಕ್ಳಾ!"

ಮೇಸ್ತ್ರಿ ಬೈಯುತ್ತಲೇ ಇದ್ದ. ನಾನು ಎಳೆಯುತ್ತಲೇ ಇದ್ದೆ. ಎತ್ತಿಡಲು ಸೊಂಟದಲ್ಲಿ ಕಸುವಿರಲಿಲ್ಲ. ಮಗಳು ಬೆಳಗಿನಿಂದ ಕುಡಿದ ಗಂಜಿಯನ್ನೆಲ್ಲ ಕಕ್ಕಿದ್ದಳು. ಪಕ್ಕದ ಮನೆಯ ಹೆಂಗಸಿನ ಮಡಿಲಿಗೆ ಅವಳನ್ನು ಹಾಕಿ ಬಂದಿದ್ದೆ. ಬರುವಾಗ ತಿರುಗಿ ನೋಡಲಿಲ್ಲ. ನೋಡಿದ್ದರೆ ಬರಲಾಗುತ್ತಿರಲಿಲ್ಲ.

ನಮ್ಮದು ಶಾಮಿಯಾನ ಕಟ್ಟುವ ಕೆಲಸ. ನಾನು, ಅತ್ತೆ, ಮೈದುನ, ಓಣಿಯ ಇನ್ನೂ ಕೆಲವರು. ಮದುವೆಗೂ ಅದೇ ಬಟ್ಟೆ, ಸಾವಿಗೂ ಅದೇ ಬಟ್ಟೆ. ಇವತ್ತು ಬಣ್ಣದ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಸಭೆ ಎಂದಷ್ಟೇ ಮೇಸ್ತ್ರಿ ಹೇಳಿದ್ದ. ಬ್ಯಾನರ್ ಕಟ್ಟುವಾಗ ಅತ್ತೆ ಏಣಿ ಹಿಡಿದುಕೊಂಡು ಕೇಳಿದಳು.

"ಏನಂತೆ ಬರ್ದಿರೋದು?"

"ಕಾರ್ಖಾನೆಗೆ ಇನ್ನೊಂದು ಘಟಕ ಕಟ್ತಾರಂತೆ. ಅದಕ್ಕೆ ಸುತ್ತಲಿನ ಜನರ ಅಭಿಪ್ರಾಯ ಕೇಳ್ತಾರಂತೆ. ಶಾಸಕರು ಬರ್ತಾರಂತೆ."

"ಸುತ್ತಲಿನ ಜನ ಅಂದ್ರೆ ಯಾರೇ?"

"ನಾವೇ ಅತ್ತೆ."

"ನಮಗ್ಯಾರು ಹೇಳಿದ್ರು?"

ಬ್ಯಾನರ್ ಹೇಳುತ್ತಿತ್ತು. ಅದನ್ನೂ ನಾವೇ ಕಟ್ಟಬೇಕಾಗಿತ್ತು.

ನಮ್ಮ ಓಣಿಗಿರುವುದು ಒಂದೇ ಕೈಪಂಪು. ಹೊಡೆದರೆ ಮೊದಲು ನೊರೆ ಬರುತ್ತದೆ, ಆಮೇಲೆ ಕಾರ್ಖಾನೆಯಲ್ಲಿ ಅಂದು ಯಾವ ಬಣ್ಣ ಕುದಿಸಿದ್ದಾರೋ ಆ ಬಣ್ಣದ ನೀರು. ಮಗಳ ಮುಖ ಊದಿದೆ, ಕಾಲು ಒತ್ತಿದರೆ ಕುಳಿ ಬೀಳುತ್ತದೆ. ಆಸ್ಪತ್ರೆಯ ಡಾಕ್ಟರು ಬಾಯಿಬಿಟ್ಟೇ ಹೇಳಿದ್ದರು, "ಈ ನೀರು ಇನ್ನೂ ಕುಡಿಸಿದ್ರೆ ಮಗು ಉಳಿಯಲ್ಲಮ್ಮ, ನೀರು ಬದಲಾಯಿಸು." ಅಂಗಿ ಬದಲಾಯಿಸು ಅನ್ನುವಷ್ಟು ಸಲೀಸಾಗಿ ಹೇಳಿದ ಪುಣ್ಯಾತ್ಮ.

ಮುಂದಿನ ಮೂಲೆಗಳಲ್ಲಿ ಗೂಟ ಇಳಿಯಲಿಲ್ಲ. ಕಾರ್ಖಾನೆ ಸುರಿದ ಬೂದಿ ಅಲ್ಲಿ ಕಲ್ಲಾಗಿತ್ತು. ಮೇಸ್ತ್ರಿ ಒಂದು ಮೂಲೆಯ ಹಗ್ಗವನ್ನು ಮೈದುನನ ಕೈಗೆ ಸುತ್ತಿದ, ಇನ್ನೊಂದನ್ನು ಅವನ ಜೊತೆಗಾರನ ಕೈಗೆ.

"ಸಭೆ ಮುಗಿಯೋವರ್ಗೂ ಹಿಡ್ಕೊಂಡು ನಿಂತ್ಕೊಳ್ರೋ. ನಿಮ್ಗಿಂತ ಗೂಟ ಬೇಕಾ?"

"ಗೂಟಕ್ಕೆ ಬೀಡಿ ಸೇದೋಕಾದ್ರೂ ಬಿಡ್ತೀರಾ ಮೇಸ್ತ್ರಿ?" ಎಂದ ಮೈದುನ.

"ಮುಚ್ಕೊಂಡು ನನ್ ಕೈ ನೋಡೋ ಬೋಳಿಮಗನೇ."

ಕಾರ್ಖಾನೆಯ ಯಂತ್ರಗಳ ಸದ್ದಿಗೆ ಅಷ್ಟು ದೂರ ಕೂಗು ಮುಟ್ಟುವುದಿಲ್ಲ. ನಮ್ಮ ಕೆಲಸದಲ್ಲಿ ಕೈಯೇ ಮಾತು. ಮೇಸ್ತ್ರಿ ಕೈ ಅಡ್ಡ ಚಾಚಿದರೆ ಬಿಗಿ, ಮೇಲೆತ್ತಿದರೆ ಬಿಡು. ಯಾಕೆ ಎಂದು ಕೇಳುತ್ತ ನಿಲ್ಲುವಂತಿಲ್ಲ. ಒಬ್ಬ ಬಿಟ್ಟು ಇನ್ನೊಬ್ಬ ಬಿಡದಿದ್ದರೆ ಕಂಬ ಯಾರದಾದರೂ ತಲೆಯ ಮೇಲೆ ಬೀಳುತ್ತದೆ.

ಕಾರುಗಳು ಬಂದವು. ಶಾಸಕ ಇಳಿದ, ಕಾರ್ಖಾನೆಯ ಮ್ಯಾನೇಜರ್ ಇಳಿದ, ಸಭೆ ನಡೆಸುವ ಅಧಿಕಾರಿ ಇಳಿದ, ಹಿಂದೆಯೇ ಪೊಲೀಸರೂ ಇಳಿದರು. ಕುರ್ಚಿಗಳು ಮಾತ್ರ ಖಾಲಿ. ಮ್ಯಾನೇಜರ್ ಮೇಸ್ತ್ರಿಯ ಕಿವಿಯಲ್ಲಿ ಏನೋ ಉಸುರಿದ. ಮೇಸ್ತ್ರಿ ಓಡಿ ಬಂದ.

"ಏಯ್, ಎಲ್ಲಾ ಮುಖ ತೊಳ್ಕೊಂಡು ಬಂದು ಕೂತ್ಕೊಳ್ರಿ. ಫೋಟೋ ತೆಗೀತಾರೆ. ಕೈ ಎತ್ತಿ ಅಂದಾಗ ಎತ್ತಿದ್ರೆ ಆಯ್ತು."

"ಯಾತಕ್ಕೆ ಎತ್ತೋದು?" ಎಂದಳು ಅತ್ತೆ.

"ಎತ್ತು ಅಂದ್ರೆ ಎತ್ತೋದು ಮುದ್ಕಿ. ನಿನ್ ಅರಮನೆ ಬರ್ಕೊಡು ಅಂದ್ನಾ?"

ಕೂತೆವು. ಇಷ್ಟು ವರ್ಷ ಆ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತಿದ್ದೆವೇ ಹೊರತು ಅವುಗಳ ಮೇಲೆ ಕೂತವರಲ್ಲ. ಅತ್ತೆ ಅಂಚಿಗೆ ಕೂತಳು, ಯಾರಾದರೂ ಏಳು ಅಂದರೆ ಏಳಲು ಸಲೀಸಾಗಲಿ ಎಂಬಂತೆ. ನಾನು ಮೊದಲ ಸಾಲಿನಲ್ಲಿದ್ದೆ.

"ಇಷ್ಟೊಂದು ಸಂಖ್ಯೆಯಲ್ಲಿ ಸಾರ್ವಜನಿಕರು ಬಂದಿರುವುದು ನನಗೆ ಹೆಮ್ಮೆ ತಂದಿದೆ" ಎಂದ ಶಾಸಕ. ಅಭಿವೃದ್ಧಿ ಎಂದ, ಉದ್ಯೋಗ ಎಂದ. ಕೊನೆಗೆ ಅಧಿಕಾರಿ ಬಾಯಿಪಾಠ ಒಪ್ಪಿಸುವವನಂತೆ ಕೇಳಿದ, "ಯಾರದಾದರೂ ಪ್ರಶ್ನೆ ಇದೆಯೇ? ಇಲ್ಲ. ಸರಿ..."

ನಾನು ಎದ್ದಿದ್ದೆ. ಸೀದಾ ನಡೆದು ವೇದಿಕೆಯ ಕೆಳಗೆ ನಿಲ್ಲಿಸಿದ್ದ ಮೈಕ್ ಹಿಡಿದೆ.

"ಸಾರ್, ನಮ್ ಓಣಿ ನೀರು..."

"ಯಾರಮ್ಮ ನೀನು?" ಎಂದ ಶಾಸಕ.

ಮ್ಯಾನೇಜರ್ ಬಗ್ಗಿ ಹೇಳಿದ, "ಶಾಮಿಯಾನದ ಕೂಲಿಯವಳು ಸರ್."

ಅಧಿಕಾರಿ ಕೈ ಆಡಿಸಿದ. "ಸಾರ್ವಜನಿಕರು ಮಾತ್ರ ಮಾತಾಡಬೇಕಮ್ಮ. ಹೋಗು, ಹೋಗು."

"ಈಗ ತಾನೇ ನಾವೇ ಸಾರ್ವಜನಿಕರು ಅಂದ್ರಲ್ಲ ಸಾರ್? ನನ್ ಮಗ್ಳು ಅಲ್ಲಿ ಸಾಯ್ತಾ ಇದಾಳೆ. ನಿಮ್ಗೇ ಓಟು ಹಾಕಿರೋದು ನಾನು, ಒಂದ್ಮಾತು ಕೇಳ್ಬಾರ್ದಾ?"

ಶಾಸಕ ನಕ್ಕ. "ಕುರ್ಚಿ ಹಾಕೋರೆಲ್ಲ ಮೈಕ್ ಹಿಡಿದ್ರೆ ಕುರ್ಚಿ ಹಾಕೋರು ಯಾರಮ್ಮ?"

ವೇದಿಕೆಯೆಲ್ಲ ನಕ್ಕಿತು. ಮೇಸ್ತ್ರಿ ನನ್ನ ರಟ್ಟೆ ಹಿಡಿದು ಎಳೆದು ತಂದು ಕುರ್ಚಿಗೆ ಒಗೆದ. "ಹೊಟ್ಟೆಗೆ ಕಲ್ಲು ಹಾಕ್ತೀಯೇನೇ ಮುಂಡೆ? ಬಾಯಿ ಬಿಟ್ರೆ ನಾಳೆಯಿಂದ ನಿಮ್ಮ ಓಣಿಯೋರು ಒಬ್ಬರೂ ಬರೋದು ಬೇಡ."

ಪಕ್ಕದಲ್ಲಿ ಅತ್ತೆ ನನ್ನ ತೋಳನ್ನು ಉಜ್ಜುತ್ತ ಕೂತಳು.

ಫೋಟೋದಲ್ಲಿ ಜನರ ನಡುವೆ ಕಾಣಬೇಕೆಂದು ಶಾಸಕ ವೇದಿಕೆಯಿಂದ ಇಳಿದು ನಮ್ಮ ಸಾಲಿನ ಮುಂದೆಯೇ ಬಂದು ನಿಂತ. ಅಧಿಕಾರಿ ಹೇಳಿದ, "ಹೊಸ ಘಟಕಕ್ಕೆ ಒಪ್ಪಿಗೆ ಇರುವವರು ಕೈ ಎತ್ತಬೇಕು."

ಯಾರೂ ಎತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲೂ ಇಲ್ಲ. ನಾನು ಹೇಳಿಕೊಟ್ಟಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಚಳಿ ಹಿಡಿದವಳಂತೆ ಕೂತಿದ್ದಳು.

"ಎತ್ರೋ!" ಮೇಸ್ತ್ರಿ ಹಲ್ಲು ಕಚ್ಚಿದ. ಮ್ಯಾನೇಜರ್ ಅವನನ್ನು ದುರುಗುಟ್ಟಿ ನೋಡಿದ. ಮೇಸ್ತ್ರಿ ತಡೆಯಲಾರದೆ ಎದ್ದು ನಿಂತು, ಹೀಗೆ ಎಂದು ತೋರಿಸುವವನಂತೆ ತನ್ನ ಕೈಯನ್ನೇ ಮೇಲೆತ್ತಿದ.

ಮೂಲೆಯಲ್ಲಿ ಮೈದುನ ಹಗ್ಗ ಬಿಟ್ಟ. ಆಚೆ ಜೊತೆಗಾರನೂ ಬಿಟ್ಟ.

ಬಟ್ಟೆ ಒಮ್ಮೆ ಉಸಿರೆಳೆದುಕೊಂಡಂತೆ ಉಬ್ಬಿ ಕೆಳಗೆ ಬಂತು. ಕಂಬ ವಾಲಿತು. ಇಂಥ ಹೊತ್ತಿನಲ್ಲಿ ಎದುರಿಗಿರುವವರನ್ನು ಹಿಡಿದು ನೆಲಕ್ಕೆ ಎಳೆಯುವುದು ನಮಗೆ ಅಭ್ಯಾಸ. ಕೈಗೆ ಸಿಕ್ಕ ಮಣಿಕಟ್ಟು ಹಿಡಿದು ಎಳೆದೆ. ನಮ್ಮ ತಲೆಯ ಮೇಲಿಂದ ಕಂಬ ಹಾದು ಹೋಗಿ ಹಿಂದಿನ ಖಾಲಿ ಕುರ್ಚಿಗಳನ್ನು ಪುಡಿ ಮಾಡಿತು. ನನ್ನ ಬೆರಳಿಗೆ ಗಡಿಯಾರವೊಂದು ತಣ್ಣಗೆ ತಾಕಿತು.

ಬಟ್ಟೆಯ ಕೆಳಗೆ ಎಲ್ಲ ಕೆಂಪಾಗಿ ಕಾಣುತ್ತಿತ್ತು. ಶಾಸಕನ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಸುತ್ತ ಕಿರುಚಾಟ.

"ಯಾರು? ಯಾರಮ್ಮ?"

"ಕುರ್ಚಿ ಹಾಕೋಳು ಸಾರ್."

"ಉಸಿರು ಕಟ್ತಾ ಇದೆ. ದಾರಿ ತೋರ್ಸಮ್ಮ, ನಿನ್ ದಮ್ಮಯ್ಯ."

"ತೋರಿಸ್ತೀನಿ. ನನ್ ಮಗ್ಳೂ ಹಿಂಗೇ ಬಾಯ್ ಬಾಯ್ ಬಿಡ್ತಾಳೆ ಸಾರ್. ಓಟು ಕೇಳೋಕೆ ಬಂದಾಗ ಅವಳನ್ನ ಎತ್ಕೊಂಡು ಫೋಟೋ ತೆಗೆಸ್ಕೊಂಡಿದ್ರಿ. ನೀರು ಕುಡಿದು ಕುಡಿದು ಹಿಂಗಾಗಿದಾಳೆ. ಇನ್ನೊಂದು ಘಟಕ ಬೇಡ ಅನ್ನಿ ಸಾರ್. ನಿಮ್ಮ ಒಂದ್ಮಾತಿಗೆ ನಿಲ್ಲುತ್ತೆ."

ಅವನು ಕೆಮ್ಮಿದ. ಬಟ್ಟೆ ಅವನ ಕೂದಲನ್ನೆಲ್ಲ ಹಣೆಗೆ ಅಂಟಿಸಿತ್ತು. ವೇದಿಕೆಯ ದನಿ ಅವನಲ್ಲಿ ಉಳಿದಿರಲಿಲ್ಲ.

"ಆ ನೀರು ವಿಷ ಅಂತ ನಂಗೂ ಗೊತ್ತಮ್ಮ. ಯಾವತ್ತೋ ಗೊತ್ತು."

"ಗೊತ್ತಾ?"

"ಗೊತ್ತು. ಏನ್ ಮಾಡ್ಲಿ? ನನ್ನ ಗೆಲ್ಲಿಸಿದ್ದು ಆ ಕಾರ್ಖಾನೆಯೋರು."

"ಗೆಲ್ಲಿಸಿದ್ದು ನಾವು ಸಾರ್. ಓಟು ಹಾಕಿದ್ದು ನಾವು."

"ಓಟಿಂದ ಜೀಪ್ ಓಡಲ್ಲಮ್ಮ." ಬೈದಂತಿರಲಿಲ್ಲ. ಮನೆಯ ಕಷ್ಟ ಹೇಳಿಕೊಂಡಂತಿತ್ತು. "ಈಗ ಕೈ ಬಿಡು."

ಅಷ್ಟರಲ್ಲಿ ಯಾರೋ ಬಟ್ಟೆ ಸರಿಸಿದರು. ಬಿಸಿಲು ಕಣ್ಣಿಗೆ ಹೊಡೆಯಿತು. ಮ್ಯಾನೇಜರ್, ಅಧಿಕಾರಿ, ಪೊಲೀಸರು ಎಲ್ಲ ಸುತ್ತ ನಿಂತಿದ್ದರು. ಶಾಸಕ ಎದ್ದು ನಿಂತ, ಅವನ ಕೈ ಹಿಡಿದಿದ್ದ ನಾನೂ ಎದ್ದೆ. ಅವನ ಮುಖ ಮತ್ತೆ ಮೊದಲಿನಂತಾಯಿತು.

"ಯಾರ್ರೀ ಇವಳು? ಬಿಡಿಸ್ರೀ! ನನ್ನ ಮೇಲೆ ಕೈ ಮಾಡಿದಾಳೆ!"

"ಕಂಬದಿಂದ ಉಳಿಸಿದೀನಿ ಸಾರ್" ಎಂದೆ. ಮೈಕ್ ನಮ್ಮ ಕಾಲ ಬಳಿಯೇ ಬಿದ್ದಿತ್ತು. ಇನ್ನೊಂದು ಕೈಯಿಂದ ಎತ್ತಿ ಅವನ ಬಾಯಿಗೆ ಹಿಡಿದೆ. "ಈಗ ಒಳಗೆ ಅಂದಿದ್ದನ್ನ ಇದರಲ್ಲಿ ಅನ್ನಿ. ಎಲ್ರಿಗೂ ಕೇಳೋ ಹಾಗೆ ಅನ್ನಿ, ಬಿಡ್ತೀನಿ."

"ಹುಚ್ಚಿ ಕಣ್ರೀ ಇದು! ಹೊಡೀರಿ!" ಮ್ಯಾನೇಜರ್ ಅರಚಿದ.

ಪೊಲೀಸಿನವನ ಮೊದಲ ಏಟು ಮೊಣಕೈಗೆ ಬಿತ್ತು. ಮೈದುನ "ಅತ್ತಿಗೇ!" ಎಂದು ಕೂಗುತ್ತ ಬಯಲು ದಾಟಿ ಓಡಿ ಬರುವುದು ಕಂಡಿತು. ಮೇಸ್ತ್ರಿ ಅವನ ಕಾಲಿಗೆ ಬಿದ್ದು ತಡೆಯುತ್ತಿದ್ದ, "ಬೇಡ ಕಣೋ, ನಾವೆಲ್ಲ ಮಣ್ಣುಪಾಲಾಗ್ತೀವಿ." ಹಿಂದಿನಿಂದ ಅತ್ತೆ ಬಂದು ನನ್ನ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಬಿಡಿಸಲು ಬಂದಳೆಂದುಕೊಂಡೆ. ನನ್ನ ಬೆನ್ನಿಗೆ ಕೆನ್ನೆ ಒತ್ತಿ ಹೇಳಿದಳು:

"ಬಿಡಬೇಡ ಕಣೇ."

ಎರಡನೆಯ ಏಟಿಗೆ ಬೆರಳುಗಳ ಅರಿವು ಹೋಯಿತು. ಹಿಡಿತ ಸಡಿಲಾಗಲಿಲ್ಲ. ಮೈಕ್ ಇನ್ನೂ ಬದುಕಿತ್ತು. ಶಾಸಕನ ಏದುಸಿರು ಬೀಳದೆ ಉಳಿದ ಕಂಬಗಳ ಮೇಲಿನ ಸ್ಪೀಕರುಗಳಿಂದ ಹೊರಟು ಬಯಲು ದಾಟಿ, ಕಾರ್ಖಾನೆಯ ಗೋಡೆಗೆ ಬಡಿದು, ನಮ್ಮ ಓಣಿಯ ಕಡೆಗೆ ಹೋಗುತ್ತಿತ್ತು. ಅವನು ಬಾಯಿ ತೆರೆದ. ಮುಚ್ಚಿದ. ಪೊಲೀಸಿನವನ ಕೋಲು ಮತ್ತೆ ಮೇಲೆದ್ದಿತು.

"ಅನ್ನಿ ಸಾರ್" ಎಂದೆ.